ಸಂಗಡ ಹೊರುವ ಸೇವೆ

ಯೆರೂಸಲೇಮಿನ ಗೋಡೆ ಕಟ್ಟುವಾಗ ತೆಕೋವದ ಜನರು ದುಡಿದರು. ಅವರ ಶ್ರೀಮಂತರಾದರೋ ಹೆಗಲು ಕೊಡಲಿಲ್ಲವೆಂದು ನೆಹೆಮೀಯನ 3ನೆಯ ಅಧ್ಯಾಯದಲ್ಲಿ ಓದುತ್ತೇವೆ. ಇದಕ್ಕೆ ವಿರುದ್ಧವಾದ ದೃಷ್ಟಾಂತವೊಂದು ನಮ್ಮ ದೇಶದಲ್ಲಿಯೇ ಉಂಟು.

1934ನೆಯ ಜನವರಿ 15ರಂದು ಬಿಹಾರದಲ್ಲಿ ಮಹಾಭೂಕಂಪವಾಯಿತು. ಆಗ ಸ್ವಿಟ್ಜರ್ಲೆಂಡಿನಿಂದ ಪಿಯೆರ್ ಸೆರೆಸೋಲ್ ಎಂಬ ಕ್ರೈಸ್ತ ಇಂಜಿನಿಯರನು ಅಲ್ಲಿಗೆ ಬಂದನು. ಅವನ ತಂದೆಯು 1873ರಲ್ಲಿ ಆ ದೇಶದ ಅಧ್ಯಕ್ಷನಾಗಿದ್ದವನು. ಮಗನಾದರೋ ಕೆಲವು ಸಂಗಡಿಗರೊಡನೆ ಬಿಸಿಲಲ್ಲಿ ನಿಂತು, ಹಳ್ಳಿಗರ ಸರಿಸಮನಾಗಿ ಮಣ್ಣು ಅಗೆದು, ಬುಟ್ಟಿ ಹೊತ್ತು, ನೆರೆಹಾವಳಿಗೆ ಸಿಕ್ಕಿದ ಊರುಗಳನ್ನು ಎತ್ತರದ ನೆಲದಲ್ಲಿ ಕಟ್ಟುವದಕ್ಕೆ ದುಡಿದನು.

ಹಣ ಕೊಡುವದು ಒಳ್ಳೇದೇ. ಆದರೆ ಸಂಗಡ ಹೊತ್ತವನ ಮುಂದೆ ದುಃಖಪಟ್ಟವನು ತಲೆತಗ್ಗಿಸಬೇಕಾಗುವದಿಲ್ಲ. ಬರುವ ಮಳೆಗಾಲದಲ್ಲಿ ಆಡೂರಿನೊಳಗೆ ನೆರೆಯವನ ಮಣ್ಣಿನ ಗೋಡೆ ಬಿದ್ದರೆ, ಅವನು ಯಾವ ಜಾತಿಯವನೆಂದು ಕೇಳದೆ ಬುಟ್ಟಿ ಹಿಡಿದು ಹೋಗುವೆವೋ? ಪ್ರತಿಯೊಬ್ಬರೂ ಆಲೋಚಿಸಿಕೊಳ್ಳೋಣ.