ಮಂತ್ರ ಬಲ್ಲವನಿಗೆ ಪತ್ತೇದಾರಿ ಏಕೆ?

ಪ್ರಶ್ನೆ: ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವನು ನಾನು. ಈಗ ಮಗಳು ಮಂತ್ರವಾದಿ ಪತ್ತೇದಾರರ ಇಂಗ್ಲಿಷ್ ಕಾದಂಬರಿಗಳನ್ನು ರಾಶಿ ಹಾಕಿಕೊಂಡಿದ್ದಾಳೆ. ಮಂತ್ರ ಗೊತ್ತಿದ್ದ ಮೇಲೆ ಸತ್ತವನನ್ನೇ ಎಬ್ಬಿಸಿ 'ಕೊಂದವರು ಯಾರಪ್ಪಾ' ಎಂದು ಕೇಳಿದರಾಯಿತಲ್ಲ? ಅಷ್ಟು ಪುಟ ಯಾಕೆ ಬೇಕು?

ಉತ್ತರ: ನಿಮ್ಮ ತಕರಾರು ಹಳೆಯದು. 1929ರಲ್ಲಿ ಇಂಗ್ಲೆಂಡಿನ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದರು. ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ ಎನ್ನುವುದು ಎರಡನೆಯದು. ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಪವಾಡವೆಲ್ಲ ಚರ್ಚಿನಲ್ಲಿರಲಿ, ಕೊಲೆಯ ಕಥೆಯೊಳಗೆ ಬೇಡ ಎಂದಂತಾಯಿತು! ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಕೊನೆಯಲ್ಲಿ ಲೇಖಕ ಜೇಬಿನಿಂದ ದೆವ್ವ ತೆಗೆದರೆ ಅದು ಮೋಸ.

ಈ ಮೋಸ ತಪ್ಪಿಸಲು ಒಳ್ಳೆಯ ಲೇಖಕರು ಮಾಡುವುದು ಒಂದೇ ಕೆಲಸ: ಮಂತ್ರದ ಕೈಗೆ ಮೊದಲೇ ಕೋಳ ತೊಡಿಸುತ್ತಾರೆ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದೆಲ್ಲ ನಮಗೂ ಮುಂಚೆಯೇ ತಿಳಿದಿರುತ್ತದೆ. ರ‍್ಯಾಂಡಲ್ ಗ್ಯಾರೆಟ್ 1964ರಲ್ಲಿ ಶುರು ಮಾಡಿದ ಲಾರ್ಡ್ ಡಾರ್ಸಿ ಕಥೆಗಳಲ್ಲಂತೂ ಪತ್ತೇದಾರನಿಗೆ ಮಂತ್ರವೇ ಬಾರದು. ಅದು ಜೊತೆಗಾರ ಮಾಸ್ಟರ್ ಶಾನ್‌ನ ಇಲಾಖೆ. ಅವನದು ನಮ್ಮ ಫೊರೆನ್ಸಿಕ್ ಪ್ರಯೋಗಾಲಯದ ಕೆಲಸವೇ, ಉಪಕರಣ ಮಾತ್ರ ಬೇರೆ. ವರದಿ ಕೈಗೆ ಬಂದ ಮೇಲೆ ತಲೆ ಓಡಿಸಬೇಕಾದವನು ಡಾರ್ಸಿ.

ಜಿಮ್ ಬುಚರ್ ಅವರ ಹ್ಯಾರಿ ಡ್ರೆಸ್ಡನ್ ಶಿಕಾಗೋ ನಗರದಲ್ಲಿ ಬಹಿರಂಗವಾಗಿ ಬೋರ್ಡು ಹಾಕಿಕೊಂಡ ಮಾಂತ್ರಿಕ. ಯಾರನ್ನಾದರೂ ಹುಡುಕಬೇಕೆಂದರೆ ಅವನಿಗೆ ಆ ವ್ಯಕ್ತಿಯ ಕೂದಲೋ ರಕ್ತವೋ ಬೇಕು (ಮಾಟದ ಕಥೆ ಕೇಳಿದ ನಮಗೆ ಇದನ್ನು ವಿವರಿಸಬೇಕಿಲ್ಲ). ಮೊದಲ ಕಾದಂಬರಿ 'ಸ್ಟಾರ್ಮ್ ಫ್ರಂಟ್' (2000) ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಮಾಟದಿಂದ ಇಬ್ಬರ ಹೃದಯ ಎದೆಯೊಡೆದು ಹೊರಬಂದಿದೆ. ಹೇಗೆ ಮಾಡಿದರು ಹೇಳು ಎಂದು ಪೊಲೀಸ್ ಅಧಿಕಾರಿ ಮರ್ಫಿ ಕೇಳುತ್ತಾಳೆ. ಅದನ್ನು ಕಂಡುಹಿಡಿಯಲು ಕೊಲ್ಲುವ ವಿದ್ಯೆಯನ್ನೇ ಅವನು ಬಗೆದು ನೋಡಬೇಕು. ನೋಡಿದರೆ ಮಾಂತ್ರಿಕರ ಮಂಡಳಿ ಅವನ ತಲೆಯನ್ನೇ ತೆಗೆದೀತು. ಹಿಂದೊಮ್ಮೆ ಮಂತ್ರದಿಂದ ತನ್ನ ಗುರುವನ್ನೇ ಕೊಂದು, ಆತ್ಮರಕ್ಷಣೆ ಎಂಬ ಕಾರಣಕ್ಕೆ ಬದುಕಿ ಉಳಿದವನು ಅವನು. ತನಿಖೆಯೇ ಅಪರಾಧವಾಗುವ ಈ ಇಕ್ಕಟ್ಟು ಮಂತ್ರವಿಲ್ಲದ ಕಥೆಯಲ್ಲಿ ಹುಟ್ಟುವುದು ಕಷ್ಟ.

ನನಗೆ ಹೆಚ್ಚು ಇಷ್ಟವಾದದ್ದು ಬೆನ್ ಆರೊನೊವಿಚ್ ಅವರ 'ರಿವರ್ಸ್ ಆಫ್ ಲಂಡನ್' (2011). ಇಲ್ಲಿ ನೀವು ಹೇಳಿದ್ದೇ ನಡೆಯುತ್ತದೆ, ಸ್ವಲ್ಪ ಓರೆಯಾಗಿ. ಕೊಲೆಗೆ ಸಾಕ್ಷಿ ಒಂದು ಪ್ರೇತ! ಕಾನ್‌ಸ್ಟೇಬಲ್ ಪೀಟರ್ ಗ್ರಾಂಟ್ ಕೋವೆಂಟ್ ಗಾರ್ಡನ್ನಿನಲ್ಲಿ ಅದರ ಹೇಳಿಕೆ ಪಡೆಯುತ್ತಾನೆ. ಆದರೆ ಕೊಂದವನು ಮುಖವನ್ನೇ ಬದಲಿಸಿಕೊಂಡ ಎನ್ನುತ್ತದೆ ಪ್ರೇತ. ಅಂಥ ಸಾಕ್ಷಿಯನ್ನು ಯಾವ ಕೋರ್ಟಿನ ಕಟಕಟೆಗೆ ಹತ್ತಿಸುವುದು? ಇಲ್ಲಿ ಮಂತ್ರಶಾಸ್ತ್ರವನ್ನು ಕ್ರಮಕ್ಕೆ ತಂದವನು ಐಸಾಕ್ ನ್ಯೂಟನ್. ಮಿತಿಮೀರಿ ಬಳಸಿದರೆ ಮಿದುಳು ಹಾಳು, ಹತ್ತಿರದ ಮೊಬೈಲಿನ ಚಿಪ್ ಪುಡಿಪುಡಿ. ಆದ್ದರಿಂದ ಮಂತ್ರ ಕಲಿಯತೊಡಗಿದ ಪೀಟರ್ ಅದನ್ನು ಹಾಕುವ ಮುನ್ನ ಫೋನಿನ ಬ್ಯಾಟರಿ ಕಳಚಿಡಬೇಕು. ನದಿಗಳೂ ಈ ಕಥೆಯ ಪಾತ್ರಗಳೇ: ಥೇಮ್ಸ್ ನದಿಯ ದೇವಿ ನೈಜೀರಿಯಾದಿಂದ ಬಂದ ಹೆಂಗಸು, ಲಂಡನ್ನಿನ ಉಪನದಿಗಳು ಅವಳ ಹೆಣ್ಣುಮಕ್ಕಳು. ಕಾವೇರಿಗೆ ಬಾಗಿನ ಕೊಡುವ ನಾವು ಇದನ್ನು ಇಂಗ್ಲಿಷರಿಗಿಂತ ಬೇಗ ಒಪ್ಪಿಕೊಳ್ಳುತ್ತೇವೇನೋ.

ಮಗಳ ರಾಶಿಯಲ್ಲಿ ಈ ಪುಸ್ತಕವಿದ್ದರೆ ಇದರಿಂದಲೇ ಶುರು ಮಾಡಿ. ಅಮೆರಿಕದ ಮುದ್ರಣವಾಗಿದ್ದರೆ ಹೆಸರು 'ಮಿಡ್‌ನೈಟ್ ರಯಟ್' ಎಂದಿರುತ್ತದೆ. ಡ್ರೆಸ್ಡನ್ ಸರಣಿಯ ಮೊದಲೆರಡು ಪುಸ್ತಕ ತುಸು ಒರಟು, ಮೂರನೆಯದರ ಹೊತ್ತಿಗೆ ಬುಚರ್ ಅವರ ಕೈ ಪಳಗುತ್ತದೆ. ಕೊಲೆಗಾರ ಯಾರು ಎಂದು ಮಾತ್ರ ಮಗಳನ್ನು ಮೊದಲೇ ಕೇಳಬೇಡಿ.