ಶ್ವಾಸಕೋಶದ ಜಮಾ-ಖರ್ಚು

ಪ್ರಾಪ್ತವಯಸ್ಕ ಪುರುಷನ ಶ್ವಾಸಕೋಶಗಳು ಸುಮಾರು 6 ಲೀಟರ್ ಗಾಳಿಯನ್ನು ಹಿಡಿಯಬಲ್ಲವು. ಸ್ತ್ರೀಯರಲ್ಲಿ ಈ ಪ್ರಮಾಣ ಕಡಿಮೆ. ದೈನಂದಿನ ವ್ಯವಹಾರವಾದರೋ ಉಸಿರೊಂದಕ್ಕೆ ಅರ್ಧ ಲೀಟರ್ ಮಾತ್ರ. ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ಇದು ಹಿಂತೆಗೆಯಲಾಗದ ಠೇವಣಿ.

ಪೂರ್ಣವಾಗಿ ಎಳೆದುಕೊಂಡು ಹೊರಬಿಡಬಹುದಾದ ಗಾಳಿಯನ್ನು ಅಳೆಯುವ ಸ್ಪೈರೋಮೀಟರನ್ನು ಆಂಗ್ಲ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ವಿವರಿಸಿದರು. ಎತ್ತರ ಹೆಚ್ಚಿದಂತೆ ಈ ಪ್ರಮಾಣವೂ ಹೆಚ್ಚುವುದೆಂದು ತೋರಿಸಿದರು. ಆದುದರಿಂದ ಫಲಿತಾಂಶವನ್ನು ವಯಸ್ಸು, ಎತ್ತರ, ಲಿಂಗಗಳೊಡನೆ ತಾಳೆ ನೋಡಬೇಕು.

ಮೊತ್ತದಷ್ಟೇ ವೇಗವೂ ಮುಖ್ಯ. ಆರೋಗ್ಯವಂತನು ಬಲವಾಗಿ ಊದಿದಾಗ ಸುಮಾರು ಮುಕ್ಕಾಲು ಪಾಲು ಮೊದಲ ಸೆಕೆಂಡಿನಲ್ಲಿಯೇ ಹೊರಬೀಳುತ್ತದೆ. ಆಸ್ತಮಾದಿಂದಲೋ ಧೂಮಪಾನದಿಂದಲೋ ಶ್ವಾಸನಾಳಗಳು ಕಿರಿದಾದವರಲ್ಲಿ ಹಾಗಾಗದು.

ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯುವವರು, ರೈಲು ನಿಲ್ದಾಣದ ಮೇಲ್ಸೇತುವೆ ಏರುವಾಗಿನ ಏದುಸಿರನ್ನು ವಯಸ್ಸಿನದೆಂದು ತಳ್ಳಿಹಾಕದೆ, ಈ ಪರೀಕ್ಷೆ ಮಾಡಿಸಿಕೊಳ್ಳುವುದು ಹಿತ. ಲೆಕ್ಕವನ್ನು ತಡವಾಗಿ ನೋಡಿದರೆ ನಷ್ಟ ತುಂಬಿ ಬಾರದು.