ಸ್ಲ್ಯಾಬಿನ ಕಾವು ಕಲಿಸಿದ್ದು

ಕಲಬುರಗಿ ಭಾಗದಲ್ಲಿ ಮನೆ ಕಟ್ಟಿಸುವ ಎಂಜಿನಿಯರ್ ನಾನು. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ಆದರೆ ಮನೆಯೊಳಗೆ ಜನ ಬೇಯುವುದು ರಾತ್ರಿ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು, ಮಲಗುವ ಹೊತ್ತಿಗೆ ಕಾವನ್ನು ಕೆಳಗೆ ಬಿಡುತ್ತದೆ. ಫ್ಯಾನು ಅದನ್ನೇ ಮೈಮೇಲೆ ಸುರಿಯುತ್ತದೆ. ಆ ಕಾವು ನನಗೆ ಕಲಿಸಿದ್ದು ಇಷ್ಟು:

1. ಕಾವನ್ನು ಸ್ಲ್ಯಾಬಿನ ನೆತ್ತಿಯಲ್ಲೇ ತಡೆಯಬೇಕು. ಮೊದಮೊದಲು ಒಂದು ಮನೆಗೆ ಸ್ಲ್ಯಾಬಿನ ಕೆಳಗೆ ಥರ್ಮೋಕೋಲ್ ಹಾಕಿಸಿದೆ. ಕೋಣೆಯ ಧಗೆ ಇಳಿಯಿತು, ನಿಜ. ಆದರೆ ಸ್ಲ್ಯಾಬು ಮೊದಲಿನಂತೆಯೇ ಕಾಯುತ್ತ, ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತ, ಪ್ಯಾರಪೆಟ್ ಬುಡದಲ್ಲಿ ಬಿರುಕು ಬಿಟ್ಟಿತು. ಮೊದಲ ಮಳೆಗೇ ಸೋರಿತು. ಆ ಮನೆಯವರ ಮುಖ ಇನ್ನೂ ಕಣ್ಣ ಮುಂದಿದೆ. ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ತಡೆ ಇದ್ದದ್ದು ಮೇಲೆಯೇ; ಅದು ನನಗೆ ಆಗ ಹೊಳೆಯಲಿಲ್ಲ.

2. ಕಾಂಕ್ರೀಟನ್ನು ದಪ್ಪ ಮಾಡಿ ತಂಪು ಪಡೆಯಲಾಗದು. 150 ಮಿ.ಮೀ. ಆರ್‌ಸಿಸಿ ಸ್ಲ್ಯಾಬಿನ ಯು-ಮೌಲ್ಯ, ಅಂದರೆ ಕಾವು ದಾಟಿಸುವ ಅಳತೆ, ಸುಮಾರು 3.3 (ವ್ಯಾಟ್/ಚ.ಮೀ.-ಕೆಲ್ವಿನ್); ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮನೆಗಳ ಇಂಧನ ಉಳಿತಾಯಕ್ಕೆ ಕೇಂದ್ರ ಸರ್ಕಾರ ರೂಪಿಸಿದ ಇಕೋ ನಿವಾಸ್ ಸಂಹಿತೆ 2018 ಚಾವಣಿಗೆ ಹೇಳುವ ಮಿತಿ 1.2. ಬರೀ ಕಾಂಕ್ರೀಟಿನಿಂದ ಅಲ್ಲಿಗೆ ಇಳಿಯಲು ಹತ್ತಿರಹತ್ತಿರ ಒಂದು ಮೀಟರ್ ದಪ್ಪ ಬೇಕು! ಅದೇ ಸ್ಲ್ಯಾಬಿನ ಮೇಲೆ 40 ಮಿ.ಮೀ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಶೀಟ್ ಹಾಸಿ, ಅದರ ಮೇಲೆ ಸಿಮೆಂಟ್ ಗಾರೆಯ ಸ್ಕ್ರೀಡ್ ಹಾಕಿದರೆ ಲೆಕ್ಕ 0.6ರ ಆಸುಪಾಸಿಗೆ ಬರುತ್ತದೆ.

3. ಶೀಟಿನ ಬದಲು ಸ್ಲ್ಯಾಬಿನ ಮೇಲೆ ಫೋಮ್ ಕಾಂಕ್ರೀಟ್ ಹಾಕಿಸುವವರು ಅದು ಒಣಗುವವರೆಗೆ ಕಾಯಬೇಕು. ಅದರ ಕಾವು ತಡೆಯುವ ಶಕ್ತಿಯೆಲ್ಲ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಲ್ಲಿದೆ. ಅಲ್ಲಿ ನೀರು ನಿಂತರೆ ತಡೆ ಕುಸಿಯುತ್ತದೆ; ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಕಾವು ಸಾಗಿಸುತ್ತದೆ. ಹಸಿ ಇರುವಾಗಲೇ ವಾಟರ್‌ಪ್ರೂಫಿಂಗ್ ಬಳಿದರೆ ನೀರು ಒಳಗೇ ಉಳಿಯುತ್ತದೆ. ಗೌಂಡಿ ಅವಸರ ಮಾಡಿದರೂ ನೀವು ಮಾಡಬೇಡಿ.

4. ದುಡ್ಡಿಲ್ಲವೆಂದರೆ ಚಾವಣಿಯ ಮೇಲೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಸುಣ್ಣ ಬಳಿಸಿ. ಧೂಳು ಕೂತರೆ ಗುಣ ಹೋಗುತ್ತದೆ. ಪ್ರತಿವರ್ಷ ಯುಗಾದಿಗೆ ಮುಂಚೆ ತೊಳೆದು ಮತ್ತೆ ಬಳಿಯಬೇಕು.

5. ಗೋಡೆಯ ವಿಷಯಕ್ಕೆ ಬಂದರೆ, ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕಿನ ಗೋಡೆ ಕಾವು ತಡೆಯಲು ಒಳ್ಳೆಯದೇ. ಆದರೆ ಅದರ ನಡುವಿನ ಕಾಲಂ, ಬೀಮುಗಳ ಕಾಂಕ್ರೀಟು ಆ ಬ್ಲಾಕಿಗಿಂತ ಸುಮಾರು 9 ಪಟ್ಟು ಹೆಚ್ಚು ಕಾವು ಸಾಗಿಸುತ್ತದೆ. ಇಳಿಹೊತ್ತಿನ ಬಿಸಿಲು ಹೊಡೆಯುವ ಪಡುವಣ ಗೋಡೆಯ ಕಾಲಂ, ಬೀಮುಗಳಿಗೆ ನೆರಳು ಬೀಳುವಂತೆ ನಕ್ಷೆಯಲ್ಲೇ ನೋಡಿಕೊಳ್ಳಿ.

ಮನೆ ಕಟ್ಟಿಸುವವರಲ್ಲಿ ನನ್ನ ಕೋರಿಕೆ ಒಂದೇ: ಎಸಿ ಎಷ್ಟು ಟನ್ನಿನದು ಬೇಕೆಂದು ವಿಚಾರಿಸುವ ಮೊದಲು, ನಿಮ್ಮ ಚಾವಣಿಯ ಯು-ಮೌಲ್ಯ ಎಷ್ಟೆಂದು ಎಂಜಿನಿಯರನ್ನು ಕೇಳಿ.